ಹೈದರಾಬಾದಿನ ನಗರಶಿಲ್ಪಿ ಮೀರ್ ಮೋಮಿನ್

ಚಾರ್‌ಮಿನಾರನ್ನು ನೋಡದ ವಿದ್ಯಾರ್ಥಿ ನಮ್ಮ ಶಾಲೆಯಲ್ಲಿ ಇರಲಾರನು. ಆದರೆ ಈ ನಗರವನ್ನು ಯೋಜಿಸಿದವರು ಯಾರೆಂದು ಕೇಳಿದರೆ, ಸುಲ್ತಾನ ಮಹಮ್ಮದ್ ಕುಲಿ ಕುತುಬ್ ಷಾಹನ ಹೆಸರನ್ನಷ್ಟೇ ಹೇಳುವವರು ಬಹುಮಂದಿ. ಅವನ ಮಂತ್ರಿ ಮೀರ್ ಮೋಮಿನನನ್ನು ಸ್ಮರಿಸುವವರು ವಿರಳ.

ಮೀರ್ ಮೋಮಿನನ ಹುಟ್ಟೂರು ಇರಾನ್ ದೇಶದ ಅಸ್ತರಾಬಾದ್. ಅವನು ವಿದ್ವಾಂಸ, ಕವಿ. ಅಲ್ಲಿಯ ರಾಜಕುಮಾರನೊಬ್ಬನ ಗುರುವೂ ಆಗಿದ್ದನು. ಸ್ವದೇಶದಲ್ಲಿ ಕ್ಷೋಭೆಯುಂಟಾದಾಗ ಹೊರಟು, ಸುಮಾರು 1581ರಲ್ಲಿ ಗೋಲ್ಕೊಂಡಕ್ಕೆ ಬಂದನು. ಕೆಲವೇ ವರ್ಷಗಳಲ್ಲಿ ರಾಜ್ಯದ ಪೇಷ್ವೆ, ಎಂದರೆ ಪ್ರಧಾನಮಂತ್ರಿ, ಆದನು.

ಆಗ ಗೋಲ್ಕೊಂಡದಲ್ಲಿ ಜನಸಂದಣಿ ಹೆಚ್ಚಿ, ನೀರಿಗೂ ನಿವಾಸಕ್ಕೂ ಕಷ್ಟವಾಗಿತ್ತು. ಮೂಸೀ ನದಿಗೆ 1578ರಲ್ಲಿಯೇ ಸೇತುವೆಯಾಗಿತ್ತು. ಅದೇ ಇಂದಿನ ಪುರಾನಾ ಪುಲ್. ನದಿಯ ದಕ್ಷಿಣ ದಂಡೆಯ ಬಯಲಿನಲ್ಲಿ 1591ರಲ್ಲಿ ಹೊಸ ನಗರಕ್ಕೆ ಅಸ್ತಿಭಾರ ಬಿದ್ದಿತು. ಅದರ ನಕ್ಷೆ ಮೀರ್ ಮೋಮಿನನದೆಂದು ಇತಿಹಾಸಕಾರರು ಹೇಳುತ್ತಾರೆ.

ಆ ನಕ್ಷೆ ಬಹು ಸರಳವಾದುದು. ಪೂರ್ವ-ಪಶ್ಚಿಮವಾಗಿ ಒಂದು, ಉತ್ತರ-ದಕ್ಷಿಣವಾಗಿ ಒಂದು, ಹೀಗೆ ಎರಡು ರಾಜಮಾರ್ಗಗಳು. ಅವು ಕೂಡುವ ಚೌಕದಲ್ಲಿ ಚಾರ್‌ಮಿನಾರು. ಇದರಿಂದ ಊರು ನಾಲ್ಕು ಭಾಗಗಳಾಯಿತು. ಉತ್ತರಕ್ಕೆ ತುಸು ನಡೆದರೆ ಚಾರ್ ಕಮಾನಿನ ನಾಲ್ಕು ಮಹಾದ್ವಾರಗಳು, ಅವುಗಳ ನಡುವೆ ಗುಲ್ಜಾರ್ ಹೌಜ್ ಎಂಬ ಕಾರಂಜಿಯ ಕೊಳ. ಮುಂದಿನ ಸಲ ಹೋದಾಗ ಚಾರ್‌ಮಿನಾರಿನ ಅಡಿಯಲ್ಲಿ ನಿಂತು ಸುತ್ತಲೂ ನೋಡಿರಿ: ಒಂದೊಂದು ಕಮಾನೂ ಒಂದೊಂದು ದಿಕ್ಕಿನ ಬೀದಿಗೆ ಮುಖಮಾಡಿದೆ. ಸುಮಾರು 160 ಅಡಿ ಎತ್ತರದ ಆ ಮಿನಾರುಗಳನ್ನು ಕಂಡು ಹೊಸಬನೂ ದಾರಿ ಹಿಡಿಯಬಲ್ಲನು.

ಮೀರ್ ಮೋಮಿನನು 1625ರಲ್ಲಿ ತೀರಿಕೊಂಡನು. ತಾನೇ ಏರ್ಪಡಿಸಿದ ರುದ್ರಭೂಮಿಯಲ್ಲಿ ಮಣ್ಣಾದನು. ಆ ಸ್ಥಳಕ್ಕೆ ಇಂದಿಗೂ ದಾಯಿರಾ ಮೀರ್ ಮೋಮಿನ್ ಎಂದೇ ಹೆಸರು.

1908ರಲ್ಲಿ ಮೂಸೀ ನದಿ ಉಕ್ಕಿ ಸಾವಿರಾರು ಜನರು ಮಡಿದರು. ಮುಂದೆ ಪ್ರವಾಹವನ್ನು ತಡೆಯುವ ಉಪಾಯವನ್ನು ಸೂಚಿಸಲು 1909ರಲ್ಲಿ ಇಲ್ಲಿಗೆ ಬಂದವರು ನಮ್ಮ ವಿಶ್ವೇಶ್ವರಯ್ಯನವರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಅವರ ಸಲಹೆಯ ಫಲ. ನಗರವನ್ನು ಕಟ್ಟಿದವನೂ ಹೊರಗಿನಿಂದ ಬಂದವನು, ಕಾಯುವ ದಾರಿ ತೋರಿದವರೂ ಹೊರಗಿನವರೇ.

ನಾನೂ ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದವನು. “ನೀವು ಹೊರಗಿನವರು” ಎಂಬ ಮಾತು ಕೇಳಿ ನೊಂದದ್ದುಂಟು. ನಿಮ್ಮಲ್ಲಿಯೂ ಕೆಲವರು ಅದನ್ನು ಕೇಳಿರಬಹುದು. ಆಗ ಮೀರ್ ಮೋಮಿನನನ್ನು ನೆನೆಯಿರಿ. ಊರು ನಮ್ಮದಾಗುವುದು ಹುಟ್ಟಿನಿಂದ ಮಾತ್ರವಲ್ಲ, ಅದಕ್ಕಾಗಿ ದುಡಿದ ದುಡಿಮೆಯಿಂದಲೂ ಹೌದು.