ಕರಾವಳಿಯ ಕ್ರಿಸ್‌ಮಸ್ ಮತ್ತು ಕುಸ್ವಾರಿನ ತಟ್ಟೆ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕೊಂಕಣಿ ಮಾತನಾಡುವ ಕೆಥೊಲಿಕ್ ಮನೆಗಳಲ್ಲಿ ಹಿರಿಯರ ಕ್ರಿಸ್‌ಮಸ್ ನೆನಪುಗಳು ಸಾಮಾನ್ಯವಾಗಿ ಇಗರ್ಜಿಯಿಂದಲ್ಲ, ಅಡುಗೆಮನೆಯಿಂದ ಶುರುವಾಗುತ್ತವೆ. ಕೊಂಕಣಿಯಲ್ಲಿ ‘ನತಾಲ್’ ಎಂದು ಕರೆಯಲಾಗುವ ಈ ಹಬ್ಬಕ್ಕೆ ಎರಡು ಮೂರು ವಾರ ಮೊದಲೇ ಕರಿಯುವ, ಹುರಿಯುವ, ಪಾಕ ಹಿಡಿಯುವ ಕೆಲಸಗಳು ಆರಂಭವಾಗುತ್ತವೆ; ಹೀಗೆ ಸಿದ್ಧವಾಗುವ ಹತ್ತಾರು ಬಗೆಯ ತಿಂಡಿಗಳಿಗೆ ಒಟ್ಟಾಗಿ ‘ಕುಸ್ವಾರ್’ ಎಂದು ಹೆಸರು. ಹಬ್ಬವೇನೋ ಹಡಗು ಹತ್ತಿ ಬಂದದ್ದು, ಆದರೆ ಅದರ ತಟ್ಟೆಗೆ ಬಿದ್ದದ್ದೆಲ್ಲ ಬಹುಪಾಲು ಇದೇ ನೆಲದ ಅಕ್ಕಿ, ತೆಂಗು, ಬೆಲ್ಲ ಮತ್ತು ಎಳ್ಳು. ಕುಟುಂಬದ ನೆನಪಿನಲ್ಲಿ ಉಡುಗೊರೆಗಳಿಗಿಂತ, ಅಲಂಕಾರಕ್ಕಿಂತ ಹೆಚ್ಚು ಗಟ್ಟಿಯಾಗಿ ಉಳಿದಿರುವುದು ಈ ತಿಂಡಿಗಳನ್ನು ಹತ್ತು ಕೈ ಸೇರಿ ಮಾಡಿದ ಕೆಲಸ.

ಈ ಸಮುದಾಯದ ಪೂರ್ವಿಕರು 16ರಿಂದ 18ನೇ ಶತಮಾನದವರೆಗೆ ಅಲೆಅಲೆಯಾಗಿ ಗೋವೆಯಿಂದ ದಕ್ಷಿಣಕ್ಕೆ ಬಂದವರು. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿದ ಮೇಲೆ ನಡೆದ ಮತಾಂತರ, 1560ರಲ್ಲಿ ಸ್ಥಾಪನೆಯಾದ ಇನ್‌ಕ್ವಿಸಿಷನ್, ಅಂದರೆ ಕ್ರೈಸ್ತರಾದವರು ಹಳೆಯ ಆಚಾರಗಳನ್ನು ಬಿಟ್ಟಿದ್ದಾರೆಯೇ ಎಂದು ವಿಚಾರಿಸಿ ಶಿಕ್ಷಿಸುವ ಧಾರ್ಮಿಕ ನ್ಯಾಯಮಂಡಳಿ, ಜೊತೆಗೆ ಬರಗಾಲ, ಯುದ್ಧ ಮತ್ತು ತೆರಿಗೆಯ ಹೊರೆ ಇವೆಲ್ಲ ಸೇರಿ ಆ ವಲಸೆಗೆ ಕಾರಣವಾದವು. ಉಡುಗೆ, ಮದುವೆಯ ಶಾಸ್ತ್ರ, ಅಡುಗೆಯ ರೀತಿ ಮುಂತಾದ ದಿನಬಳಕೆಯ ಸಂಗತಿಗಳಲ್ಲೂ ಆ ಆಡಳಿತ ಕೈಹಾಕಿತ್ತು. ಆದರೆ ಆಜ್ಞೆ ಹೊರಡಿಸುವವರಿಗೆ ಅಡುಗೆಮನೆಯ ಒಳಗಿನದೆಲ್ಲ ಕಾಣುವುದಿಲ್ಲ. ಇದೇ ಕರಾವಳಿಗೆ ಅದೇ ಗೋವೆಯಿಂದ ಬಂದು ನೆಲೆಸಿದ ಗೌಡ ಸಾರಸ್ವತ ಬ್ರಾಹ್ಮಣರ ಮನೆಗಳಲ್ಲಿ ಗಣೇಶ ಚೌತಿಗೆ ‘ನೆವ್ರಿ’ ಕರಿಯುತ್ತಾರೆ. ಬಯಲುಸೀಮೆಯ ಕನ್ನಡಿಗರು ಇದನ್ನು ಕರ್ಜಿಕಾಯಿ ಎನ್ನುತ್ತಾರೆ. ಕೆಥೊಲಿಕರ ಕುಸ್ವಾರಿನಲ್ಲೂ ಮೊದಲ ಸ್ಥಾನ ಅದೇ ನೆವ್ರಿಗೆ. ದೇವರು ಬದಲಾದರು, ಹಬ್ಬದ ತಿಂಗಳು ಬದಲಾಯಿತು, ಹಿಟ್ಟನ್ನು ಅರ್ಧಚಂದ್ರಾಕಾರವಾಗಿ ಮಡಚಿ ಅಂಚು ಒತ್ತುವ ಕೈ ಮಾತ್ರ ಬದಲಾಗಲಿಲ್ಲ.

ಈ ಹಬ್ಬದ ಪರಂಪರೆಗೆ ನಡುವೆ ದೊಡ್ಡ ಕಡಿತವೊಂದು ಬಿದ್ದಿತ್ತು. 1784ರಲ್ಲಿ ಟಿಪ್ಪು ಸುಲ್ತಾನನ ಆದೇಶದಂತೆ ಕೆನರಾ ಪ್ರಾಂತದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಗಲಾಯಿತು, ಅನೇಕ ಇಗರ್ಜಿಗಳು ನೆಲಸಮವಾದವು. ಎಷ್ಟು ಸಾವಿರ ಜನ ಹೋದರು, ಎಷ್ಟು ಜನ ಸತ್ತರು ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಬದುಕುಳಿದವರು ಮರಳಿ ಬಂದು ಭೂಮಿಯನ್ನೂ ಇಗರ್ಜಿಗಳನ್ನೂ ಮತ್ತೆ ಕಟ್ಟಿಕೊಳ್ಳಬೇಕಾಯಿತು. ಹದಿನೈದು ವರ್ಷ ಬಲಿಪೂಜೆಯಿಂದಲೂ ಗುರುಗಳಿಂದಲೂ ದೂರವಾಗಿದ್ದ ಜನರ ಹಬ್ಬ ಮತ್ತೆ ಚಿಗುರಿದ್ದಕ್ಕೆ ಗ್ರಂಥಗಳಿಗಿಂತ ಮನೆಯ ಹೆಂಗಸರ ಕೈಯ ನೆನಪೇ ಹೆಚ್ಚು ಕಾರಣವಾಗಿರಬೇಕು ಎಂದು ಊಹಿಸುವುದು ತಪ್ಪಾಗಲಾರದು.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನೊಳಗೊಂಡ ಅವಧಿಯನ್ನು ‘ಆಗಮನ ಕಾಲ’ ಎನ್ನುತ್ತಾರೆ. ಆಗ ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ತೊಡುತ್ತಾರೆ, ವಾರಕ್ಕೊಂದರಂತೆ ಮೇಣದಬತ್ತಿ ಹಚ್ಚುತ್ತಾರೆ, ಮದುವೆಗಳನ್ನು ಸಾಮಾನ್ಯವಾಗಿ ಇಟ್ಟುಕೊಳ್ಳುವುದಿಲ್ಲ. ಇಗರ್ಜಿಯ ಈ ಸಂಯಮ ಮನೆಯಲ್ಲಿ ಇನ್ನೊಂದು ರೂಪ ತಾಳುತ್ತದೆ: ತಿಂಡಿಗಳು ಒಂದೊಂದಾಗಿ ಸಿದ್ಧವಾಗುತ್ತಿದ್ದರೂ ಹಬ್ಬದ ತನಕ ತಿನ್ನುವಂತಿಲ್ಲ. ಬಿಸ್ಕತ್ತಿನ ಖಾಲಿ ಡಬ್ಬಗಳಿಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ, ಮಕ್ಕಳ ಕೈಗೆ ಎಟುಕದ ಅಟ್ಟದ ಮೇಲಿಡುವುದು ಅಜ್ಜಿಯಂದಿರ ಕ್ರಮವಾಗಿತ್ತು. ಆ ಡಬ್ಬಗಳು ಹಬ್ಬದ ಹೊತ್ತಿಗೆ ಸ್ವಲ್ಪ ಹಗುರವಾಗಿರುತ್ತಿದ್ದವು ಎಂಬುದು ಈ ಮನೆಗಳ ಹಿರಿಯರು ನಗುತ್ತ ಒಪ್ಪಿಕೊಳ್ಳುವ ವಿಷಯ.

ಕುಸ್ವಾರಿನ ತಿಂಡಿಗಳಲ್ಲಿ ಮಕ್ಕಳ ಪಾಲಿಗೆ ಮೀಸಲಾದ ಕೆಲಸವೆಂದರೆ ‘ಕಿಡಿಯೊ’ ಸುತ್ತುವುದು. ಮೈದಾಹಿಟ್ಟಿಗೆ ತೆಂಗಿನಹಾಲು, ಮೊಟ್ಟೆ, ಚಿಟಿಕೆ ಉಪ್ಪು ಸೇರಿಸಿ ನಾದಿ, ನೆಲ್ಲಿಕಾಯಿಗಿಂತ ಚಿಕ್ಕ ಉಂಡೆ ಮಾಡಿ, ಅದನ್ನು ಫೋರ್ಕಿನ ಬೆನ್ನಿನ ಮೇಲೋ ಇದಕ್ಕೆಂದೇ ತಂದಿಟ್ಟ ಹೊಸ ಬಾಚಣಿಗೆಯ ಮೇಲೋ ಹೆಬ್ಬೆರಳಿನಿಂದ ಒತ್ತಿ ಎಳೆದರೆ ಹಿಟ್ಟು ಗೆರೆಗೆರೆಯಾಗಿ ಸುರುಳಿಯಾಗುತ್ತದೆ. ಎಣ್ಣೆಯಲ್ಲಿ ಕರಿದು ಸಕ್ಕರೆಯ ಗಟ್ಟಿ ಪಾಕದಲ್ಲಿ ಹೊರಳಿಸಿದಾಗ ಅದರ ಮೇಲೆ ಬಿಳಿಯ ಲೇಪ ಕೂರುತ್ತದೆ. ಒಂದು ಸೇರು ಹಿಟ್ಟಿಗೆ ನೂರಾರು ಸುರುಳಿಗಳಾಗುವುದರಿಂದ ಒಬ್ಬರೇ ಕುಳಿತು ಮುಗಿಸುವ ಕೆಲಸ ಇದಲ್ಲ; ಸಂಜೆಯ ಜಪಮಾಲೆ ಮುಗಿದ ಮೇಲೆ ಮನೆಮಂದಿಯೆಲ್ಲ ಚಾಪೆ ಹಾಸಿ ಸುತ್ತ ಕೂರುತ್ತಿದ್ದುದು ಈ ಕಾರಣಕ್ಕೆ. ಮಕ್ಕಳು ಸುತ್ತಿದವು ಡೊಂಕಾಗಿದ್ದರೂ ಎಣ್ಣೆಗೆ ಬೀಳುತ್ತಿದ್ದವು, ಯಾರೂ ಆರಿಸಿ ಬಿಸಾಡುತ್ತಿರಲಿಲ್ಲ.

ಇದಕ್ಕೆ ವಿರುದ್ಧವಾಗಿ ‘ಕೊಕ್ಕಿಸಾಂ’ ಕರಿಯುವಾಗ ಮಕ್ಕಳನ್ನು ಒಲೆಯ ಬಳಿಗೆ ಬಿಡುತ್ತಿರಲಿಲ್ಲ. ಪೇಟೆಯಲ್ಲಿ ರೋಸ್ ಕುಕ್ಕೀಸ್ ಎಂದೂ ಕೇರಳದಲ್ಲಿ ಅಚ್ಚಪ್ಪಂ ಎಂದೂ ಕರೆಯುವ ಈ ಹೂವಿನಾಕಾರದ ತಿಂಡಿಯ ಗುಟ್ಟೆಲ್ಲ ಉದ್ದ ಹಿಡಿಯ ಲೋಹದ ಅಚ್ಚಿನಲ್ಲಿದೆ. ಅಚ್ಚನ್ನು ಮೊದಲು ಕುದಿಯುವ ಎಣ್ಣೆಯಲ್ಲಿಟ್ಟು ಚೆನ್ನಾಗಿ ಕಾಯಿಸಬೇಕು, ಆಮೇಲೆ ತೆಂಗಿನಹಾಲು ಮತ್ತು ಮೊಟ್ಟೆ ಬೆರೆಸಿದ ತೆಳುವಾದ ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿಸಿದರೆ ಹಿಟ್ಟು ಅಚ್ಚಿನ ಮೇಲ್ಭಾಗವನ್ನೂ ಹಿಡಿದುಕೊಂಡು ಬಿಡಿಸಿಕೊಳ್ಳುವುದೇ ಇಲ್ಲ. ಅಚ್ಚು ಸಾಕಷ್ಟು ಕಾಯದಿದ್ದರೆ ಹಿಟ್ಟು ಹತ್ತುವುದೇ ಇಲ್ಲ. ಸರಿಯಾಗಿ ಅದ್ದಿದ ಅಚ್ಚನ್ನು ಎಣ್ಣೆಯಲ್ಲಿ ಮೆಲ್ಲನೆ ಅಲುಗಿಸಿದಾಗ ಹೂ ಕಳಚಿಕೊಂಡು ತೇಲುತ್ತದೆ. ಹೊಸ ಅಚ್ಚನ್ನು ಕೆಲವು ದಿನ ಎಣ್ಣೆಯಲ್ಲಿ ನೆನೆಸಿ ಪಳಗಿಸಬೇಕಾದ್ದರಿಂದ ಹಳೆಯ ಅಚ್ಚಿಗೆ ಬೆಲೆ ಹೆಚ್ಚು, ತಾಯಿಯಿಂದ ಮಗಳಿಗೆ ಅದು ದಾಟುತ್ತದೆ, ಡಿಸೆಂಬರಿನಲ್ಲಿ ನೆರೆಮನೆಗಳಿಗೂ ಎರವಲು ಹೋಗುತ್ತದೆ. ಶ್ರೀಲಂಕಾದ ‘ಕೊಕಿಸ್’ ಎಂಬ ತಿಂಡಿ ಇದರದೇ ಒಡಹುಟ್ಟು. ಅಲ್ಲಿ ಅದನ್ನು ಡಚ್ಚರ ಕೊಡುಗೆಯೆಂದು ಹೇಳುತ್ತಾರೆ, ಉತ್ತರ ಯುರೋಪಿನ ದೇಶಗಳಲ್ಲೂ ಇಂಥದೇ ಅಚ್ಚಿನ ತಿಂಡಿ ಕ್ರಿಸ್‌ಮಸ್‌ಗೆ ಬೇಯುತ್ತದೆ. ಕುಸ್ವಾರಿನಲ್ಲಿ ನಿಜಕ್ಕೂ ಕಡಲಾಚೆಯಿಂದ ಬಂದದ್ದು ಯಾವುದು ಎಂದು ಹುಡುಕಿದರೆ ಕೇಕಿನ ಜೊತೆಗೆ ಇದನ್ನೂ ಎಣಿಸಬೇಕಾಗುತ್ತದೆ.

ಉಳಿದವುಗಳಲ್ಲಿ ‘ಗುಳಿಯೊ’ ಅಕ್ಕಿಹಿಟ್ಟು, ತೆಂಗು ಮತ್ತು ಬೆಲ್ಲದ ಗೋಲಿಯಂಥ ಗಟ್ಟಿ ಉಂಡೆ. ಒಳಗೆ ಹಬೆ ಸಿಕ್ಕಿಕೊಂಡರೆ ಎಣ್ಣೆಯಲ್ಲಿ ಸಿಡಿಯುವ ಅಪಾಯವಿರುವುದರಿಂದ ಹಿಟ್ಟನ್ನು ಹದವಾಗಿ ಹುರಿಯಬೇಕು. ‘ತಾಂದ್ಳಾಚೆ ಲಾಡು’ ಎಂಬುದು ಹುರಿದ ಕುಚ್ಚಲಕ್ಕಿಯ ಹುಡಿಗೆ ಬೆಲ್ಲ, ಕಾಯಿತುರಿ ಬೆರೆಸಿ ಕಟ್ಟಿದ ಉಂಡೆ. ಎಳ್ಳುಂಡೆ, ಚಕ್ಕುಲಿ, ವಜ್ರಾಕಾರಕ್ಕೆ ಕತ್ತರಿಸಿ ಕರಿದ ತುಕ್ಡಿ ಇವುಗಳನ್ನು ಕನ್ನಡ ಓದುಗರಿಗೆ ವಿವರಿಸುವ ಅಗತ್ಯವಿಲ್ಲ. ತುಳುನಾಡಿನಲ್ಲಿ ‘ಏಣೆಲು’ ಎಂದು ಕರೆಯುವ ಮಳೆಗಾಲದ ಭತ್ತದ ಬೆಳೆ ಕೊಯ್ಲಾಗಿ, ಡಿಸೆಂಬರಿನ ಹೊತ್ತಿಗೆ ಅಕ್ಕಿ ಮನೆ ಸೇರಿರುತ್ತಿದ್ದುದರಿಂದ ಬೇಸಾಯದ ಕುಟುಂಬಗಳಿಗೆ ಈ ತಿಂಡಿಗಳು ದುಬಾರಿಯಾಗಿರಲಿಲ್ಲ, ದುಬಾರಿಯಾಗಿದ್ದುದು ಕೇಕು. ಮೈದಾ, ಬೆಣ್ಣೆ, ಒಣಹಣ್ಣು ಎಲ್ಲವನ್ನೂ ಪೇಟೆಯಿಂದ ತರಬೇಕಿತ್ತು, ಮನೆಯಲ್ಲಿ ಓವನ್ ಇರಲಿಲ್ಲ. ಪಾತ್ರೆಯ ಕೆಳಗೆ ಬಿಸಿ ಮರಳು, ಮುಚ್ಚಳದ ಮೇಲೆ ತೆಂಗಿನ ಗೆರಟೆಯ ಕೆಂಡ ಹರಡಿ ಕೇಕು ಬೇಯಿಸುವ ಉಪಾಯ ಹುಟ್ಟಿದ್ದು ಹಾಗೆ.

ಗಂಡಸರ ಮತ್ತು ಹುಡುಗರ ಕೆಲಸ ಅಂಗಳದಲ್ಲಿ. ಬೆತ್ಲೆಹೆಮಿನ ಕೊಟ್ಟಿಗೆಯಲ್ಲಿ ಯೇಸು ಹುಟ್ಟಿದ ದೃಶ್ಯವನ್ನು ಗೊಂಬೆಗಳಿಂದ ತೋರಿಸುವ ‘ಗೋದಲಿ’ ಕಟ್ಟುವ ಪರಂಪರೆಯನ್ನು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಏರ್ಪಡಿಸಿದ ದೃಶ್ಯದಿಂದ ಗುರುತಿಸುತ್ತಾರೆ; ಅಲ್ಲಿ ಬಳಸಿದ್ದು ಜೀವಂತ ಎತ್ತು ಮತ್ತು ಕತ್ತೆಯನ್ನು. ಕರಾವಳಿಯ ಗೋದಲಿಗೆ ಮುಳಿಹುಲ್ಲಿನ ಮಾಡು, ಬೈಹುಲ್ಲಿನ ಹಾಸಿಗೆ, ಮಣ್ಣಿನ ಗುಡ್ಡ. ಹಬ್ಬಕ್ಕೆ ವಾರ ಹತ್ತು ದಿನ ಮೊದಲು ತಟ್ಟೆಗಳಲ್ಲಿ ಮಣ್ಣು ಹರಡಿ ರಾಗಿ ಅಥವಾ ಭತ್ತ ಬಿತ್ತಿ ನೀರು ಚಿಮುಕಿಸಿದರೆ ಡಿಸೆಂಬರ್ 24ರ ಹೊತ್ತಿಗೆ ಬೆರಳುದ್ದದ ಹಸಿರು ಮೇಲೆದ್ದು, ಕುರುಬರ ಗೊಂಬೆಗಳಿಗೆ ಗದ್ದೆ ಸಿದ್ಧವಾಗುತ್ತದೆ. ಪ್ಯಾಲೆಸ್ತೀನಿನ ಕುರುಬರು ತುಳುನಾಡಿನ ಗದ್ದೆಯ ಬದುವಿನಲ್ಲಿ ನಿಂತಂತೆ ಕಾಣುವ ಈ ದೃಶ್ಯ ಯಾರಿಗೂ ಅಸಂಗತವೆನಿಸುವುದಿಲ್ಲ. ಬಾಲಯೇಸುವಿನ ಗೊಂಬೆಯನ್ನು ಮಾತ್ರ ಹಬ್ಬದ ರಾತ್ರಿಯವರೆಗೂ ಇಡುವುದಿಲ್ಲ. ಬಿದಿರನ್ನು ಸೀಳಿ ಕಟ್ಟಿ ಬಣ್ಣದ ಕಾಗದ ಅಂಟಿಸಿದ ನಕ್ಷತ್ರವನ್ನು ಮಾವಿನ ಕೊಂಬೆಗೋ ಮನೆಯ ಮಾಡಿಗೋ ತೂಗುಹಾಕಿ ಒಳಗೆ ದೀಪವಿಡುತ್ತಿದ್ದರು. ಈಗ ಅಂಗಡಿಯ ಪ್ಲಾಸ್ಟಿಕ್ ನಕ್ಷತ್ರಗಳು ಆ ಕೆಲಸವನ್ನು ಕಸಿದುಕೊಂಡಿವೆ, ನಷ್ಟವಾದದ್ದು ನಕ್ಷತ್ರವಲ್ಲ, ಅದನ್ನು ಕಟ್ಟುವ ಮಧ್ಯಾಹ್ನ.

ಕರಾವಳಿಯ ಪ್ರೊಟೆಸ್ಟಂಟ್ ಕುಟುಂಬಗಳ ಕ್ರಿಸ್‌ಮಸ್ ಬೇರೊಂದು ದಾರಿಯಿಂದ ಬಂತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಂಸ್ಥೆಯಾದರೂ ಅದರ ಪಾದ್ರಿಗಳಲ್ಲಿ ಹೆಚ್ಚಿನವರು ಜರ್ಮನರು, ಮನೆಯೊಳಗೆ ಮರ ನಿಲ್ಲಿಸಿ ಸಿಂಗರಿಸುವ ಕ್ರಮ ಮೂಲತಃ ಜರ್ಮನ್ ಭಾಷಿಕ ಪ್ರದೇಶಗಳದು. ಶಂಕುವಿನಾಕಾರದ ಚಳಿನಾಡಿನ ಮರ ಇಲ್ಲಿ ಎಲ್ಲಿ ಸಿಗಬೇಕು? ಸಮುದ್ರತೀರದ ಗಾಳಿಮರದ ಕೊಂಬೆಯೇ ಮನೆಮನೆಯ ಕ್ರಿಸ್‌ಮಸ್ ಮರವಾಯಿತು. ಈ ಮಿಷನ್ನಿನ ಬಳಗ ಜನರ ಭಾಷೆಯಲ್ಲೇ ಪೂಜೆ, ಜನರ ಭಾಷೆಯಲ್ಲೇ ಹಾಡು ಎಂಬ ನಿಲುವಿನದು; 1894ರ ನಿಘಂಟಿನಿಂದ ನಾಡಿಗೆಲ್ಲ ಪರಿಚಿತರಾದ ಫರ್ಡಿನೆಂಡ್ ಕಿಟೆಲ್ ಅದಕ್ಕೂ ಬಹಳ ಮೊದಲು, 1862ರಲ್ಲಿ, ಯೇಸುವಿನ ಜೀವನವನ್ನು ಕನ್ನಡ ಪದ್ಯರೂಪದಲ್ಲಿ ‘ಕಥಾಮಾಲೆ’ ಎಂಬ ಹೆಸರಿನಿಂದ ಪ್ರಕಟಿಸಿದ್ದರು.

ಕೆಥೊಲಿಕರಲ್ಲಿ ಆ ಬದಲಾವಣೆ ತಡವಾಗಿ ಬಂತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕವಷ್ಟೇ ಲ್ಯಾಟಿನ್ನಿನ ಬದಲು ಜನರ ಭಾಷೆಯಲ್ಲಿ ಬಲಿಪೂಜೆ ಅರ್ಪಿಸುವುದು ರೂಢಿಗೆ ಬಂತು. ಅದಕ್ಕಿಂತ ಹಿಂದೆ ತೆಂಗಿನ ಗರಿಯ ಸೂಟೆ ಹಿಡಿದು ಗದ್ದೆಯಂಚಿನಲ್ಲಿ ನಡೆದು ನಡುರಾತ್ರಿಯ ಪೂಜೆಗೆ ಹೋಗುತ್ತಿದ್ದ ಹಳ್ಳಿಗರಿಗೆ ಪೂಜೆಯ ಮಾತು ಅರ್ಥವಾಗುತ್ತಿರಲಿಲ್ಲ, ಆದರೂ ಆ ನಡಿಗೆಯ ನೆನಪೇ ಹಿರಿಯರಲ್ಲಿ ಹೆಚ್ಚು ಉಳಿದಿದೆ. ಈಗ ಅನೇಕ ಧರ್ಮಕೇಂದ್ರಗಳಲ್ಲಿ ಪೂಜೆ ಸಂಜೆಯೇ ಆರಂಭವಾಗುತ್ತದೆ. ಮರುದಿನದ ಊಟಕ್ಕೆ ಸಾನ್ನ, ಅಂದರೆ ಸಾಂಪ್ರದಾಯಿಕವಾಗಿ ಶೇಂದಿ ಹಾಕಿ ಹುದುಗಿಸಿದ ಅಕ್ಕಿಯ ಮೆತ್ತನೆಯ ಹಬೆತಿಂಡಿ, ಅದರ ಜೊತೆಗೆ ‘ಬಫಾತ್’ ಹುಡಿಯಲ್ಲಿ ಬೇಯಿಸಿದ ಹಂದಿಮಾಂಸ. ಆ ಹುಡಿಗೆ ಬಣ್ಣ ಕೊಡುವುದು ಘಟ್ಟದ ಮೇಲಿನ ಬ್ಯಾಡಗಿ ಮೆಣಸು. ಮೆಣಸಿನಕಾಯಿಯನ್ನು ಈ ದೇಶಕ್ಕೆ ತಂದವರು ಪೋರ್ಚುಗೀಸರು ಎಂಬುದನ್ನು ಇಲ್ಲಿ ನೆನೆಯಬಹುದು.

ಸೆಪ್ಟೆಂಬರ್ 8ರಂದು ಬರುವ ಮೊಂತಿ ಫೆಸ್ತ್, ಅಂದರೆ ಮರಿಯಮ್ಮನವರ ಜನ್ಮದಿನದ ತೆನೆಹಬ್ಬ, ಒಂದು ಕುಟುಂಬ ತನ್ನೊಳಗೆ ಕೂಡಿಕೊಂಡು ಹೊಸ ಅಕ್ಕಿ ಉಣ್ಣುವ ಹಬ್ಬವಾದರೆ ಕ್ರಿಸ್‌ಮಸ್ ಮನೆಯ ಹೊಸ್ತಿಲು ದಾಟಿ ಹೋಗುವ ಹಬ್ಬ. ಕುಸ್ವಾರಿನ ತಟ್ಟೆಗೆ ಕ್ರೋಷೆಯ ಬಟ್ಟೆ ಮುಚ್ಚಿ ಬಂಟರ, ಬಿಲ್ಲವರ, ಬ್ಯಾರಿಗಳ, ಬ್ರಾಹ್ಮಣರ ಮನೆಗಳಿಗೆ ಮಕ್ಕಳ ಕೈಯಲ್ಲಿ ಕಳಿಸುತ್ತಾರೆ. ಮೊಟ್ಟೆ ತಿನ್ನದ ಮನೆಗೆ ಹೋಗುವ ತಟ್ಟೆಯಿಂದ ಕೇಕು, ಕಿಡಿಯೊ, ಕೊಕ್ಕಿಸಾಂಗಳನ್ನು ತೆಗೆದು ಬಾಳೆಹಣ್ಣು ಇಡುವ ಎಚ್ಚರವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಟ್ಟೆ ಖಾಲಿಯಾಗಿ ಮರಳಬಾರದು ಎಂಬ ರೂಢಿಯಂತೆ ಆ ಮನೆಯವರು ಅದರಲ್ಲಿ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಿದ್ದರು, ಚೌತಿಗೋ ದೀಪಾವಳಿಗೋ ರಂಜಾನಿಗೋ ಪ್ರತಿಯಾಗಿ ಅಲ್ಲಿಂದ ತಟ್ಟೆ ಬರುತ್ತಿತ್ತು. ಆ ವರ್ಷ ಸಾವು ಕಂಡ ಮನೆಯಲ್ಲಿ ಕುಸ್ವಾರ್ ಮಾಡದಿರುವುದು ವಾಡಿಕೆ. ಅಲ್ಲಿನ ಮಕ್ಕಳಿಗೆ ಹಬ್ಬ ತಪ್ಪದಂತೆ ನೆಂಟರು, ನೆರೆಯವರು ತಟ್ಟೆ ಕಳಿಸುತ್ತಾರೆ. ಈ ಕೊಡುಕೊಳ್ಳುವಿಕೆ ಕೆಲವು ಊರುಗಳಲ್ಲಿ ಹಿಂದಿನಷ್ಟು ಸಲೀಸಾಗಿ ಉಳಿದಿಲ್ಲ ಎಂಬುದನ್ನು ಮರೆಮಾಚುವುದು ಸರಿಯಲ್ಲ.

ಕುಟುಂಬಗಳು ಚದುರಿದಂತೆ ಕುಸ್ವಾರಿನ ಸ್ವರೂಪವೂ ಬದಲಾಯಿತು. ಮೊದಲು ಮುಂಬಯಿಗೆ, 1970ರ ದಶಕದ ನಂತರ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಹಬ್ಬಕ್ಕೆ ಊರಿಗೆ ಬರಲಾಗದಿದ್ದಾಗ ಊರಿಂದ ಹೊರಟವರ ಸೂಟ್‌ಕೇಸಿನಲ್ಲಿ ತಿಂಡಿಯ ಡಬ್ಬ ತರಿಸಿಕೊಂಡರು. ತಿಂಗಳುಗಟ್ಟಲೆ ಕೆಡದ ಗುಳಿಯೊ, ತುಕ್ಡಿಗಳು ಈ ಪ್ರಯಾಣಕ್ಕೆ ಒಗ್ಗಿದವು. ದೂರದ ಹಾದಿಯಲ್ಲಿ ಮುರಿಯುವ ಕೊಕ್ಕಿಸಾಂ ಒಗ್ಗಲಿಲ್ಲ. ಮಂಗಳೂರು, ಉಡುಪಿಗಳ ಬೇಕರಿಗಳಲ್ಲಿ ಡಿಸೆಂಬರ್ ಬಂತೆಂದರೆ ಎಲ್ಲ ತಿಂಡಿಗಳನ್ನೂ ಸೇರಿಸಿದ ಕುಸ್ವಾರ್ ಪೊಟ್ಟಣಗಳು ಕಿಲೋ ಲೆಕ್ಕದಲ್ಲಿ ಮಾರಾಟಕ್ಕಿರುತ್ತವೆ, ಬೆಂಗಳೂರಿಗೂ ಕೊರಿಯರಿನಲ್ಲಿ ಹೋಗುತ್ತವೆ. ಮೂರು ನಾಲ್ಕು ಜನರ ಮನೆಯಲ್ಲಿ, ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವಲ್ಲಿ, ಎಲ್ಲವನ್ನೂ ಮನೆಯಲ್ಲೇ ಮಾಡಬೇಕೆಂದು ಬಯಸುವುದು ಹಳೆಯ ಕಾಲದ ಹೆಂಗಸರ ದುಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರ ಮಾತು. ಅಂಥ ಮನೆಗಳಲ್ಲೂ ಉಳಿದೆಲ್ಲವನ್ನು ಕೊಂಡು ತಂದು ಒಂದು ತಿಂಡಿಯನ್ನಷ್ಟೇ ಕೈಯಾರೆ ಮಾಡುವ ಕ್ರಮ ಬೆಳೆದಿದೆ, ಆ ಒಂದು ತಿಂಡಿ ಹೆಚ್ಚಾಗಿ ಕಿಡಿಯೊ ಆಗಿರುತ್ತದೆ. ಅದಕ್ಕೆ ಅಚ್ಚು ಬೇಡ, ಒಂದು ಫೋರ್ಕು ಸಾಕು, ರಜೆಯಲ್ಲಿರುವ ಮಕ್ಕಳಿಗೂ ಕೆಲಸ ಸಿಗುತ್ತದೆ.