ಕಬ್ಬಾಲ ಮತ್ತು ಟ್ಯಾರೋ ಎಲೆಗಳು

ಯೆಹೂದ್ಯರ ಅನುಭಾವಮಾರ್ಗವಾದ ಕಬ್ಬಾಲಕ್ಕೂ ಭವಿಷ್ಯ ನುಡಿಯಲು ಬಳಸುವ ಟ್ಯಾರೋ ಎಲೆಗಳಿಗೂ ಪುರಾತನ ಸಂಬಂಧವುಂಟೆಂಬ ಮಾತು ಪ್ರಚಲಿತವಾಗಿದೆ. ಇತಿಹಾಸವು ಇದನ್ನು ಸಮರ್ಥಿಸದು. 'ಸೇಫರ್ ಯೆಟ್ಸಿರಾ' ಎಂಬ ಪ್ರಾಚೀನ ಹೀಬ್ರೂ ಗ್ರಂಥದಂತೆ, ಭಗವಂತನು 10 ಸೆಫಿರೋತ್ ತತ್ತ್ವಗಳಿಂದಲೂ 22 ಅಕ್ಷರಗಳಿಂದಲೂ ವಿಶ್ವವನ್ನು ರಚಿಸಿದನು. ಅಲ್ಲಿ ಅಕ್ಷರವೇ ಸೃಷ್ಟಿಶಕ್ತಿ. ಟ್ಯಾರೋ ಆದರೋ 15ನೆಯ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಹುಟ್ಟಿದ ಎಲೆಯಾಟ. ಅದರ 78 ಎಲೆಗಳಲ್ಲಿ ವಿಶೇಷ ಚಿತ್ರಗಳುಳ್ಳವು 22. ನಂಟಿಗೆ ಆಧಾರ ಇದೊಂದೇ ಸಂಖ್ಯೆ! 1781ರಲ್ಲಿ ಪ್ಯಾರಿಸ್ಸಿನ ಗ್ರಂಥವೊಂದರಲ್ಲಿ ತಲೆದೋರಿದ ಈ ಊಹೆಯನ್ನು 1850ರ ದಶಕದಲ್ಲಿ ಎಲಿಫಾಸ್ ಲೆವಿ ಎಂಬ ಫ್ರೆಂಚ್ ಲೇಖಕನು ಬೆಳೆಸಿ, ಎಲೆಗೊಂದು ಅಕ್ಷರವನ್ನು ಹೊಂದಿಸಿದನು. ಆ ಹೊಂದಿಕೆಯಾದರೂ ಸ್ಥಿರವೇ? 'ಮರುಳ'ನ ಎಲೆಗೆ ಲೆವಿಯು 21ನೆಯ ಅಕ್ಷರವಾದ 'ಶಿನ್' ಅನ್ನು ಕೊಟ್ಟರೆ, 1888ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಗೋಲ್ಡನ್ ಡಾನ್ ಸಂಘವು ಮೊದಲಕ್ಷರವಾದ 'ಆಲೆಫ್' ಅನ್ನು ಕೊಟ್ಟಿತು. ಗುರುಮುಖದಿಂದ ಬಂದ ಪಾಠವಾಗಿದ್ದರೆ ಮೊದಲಕ್ಷರವೇ ಹೀಗೆ ಪಲ್ಲಟವಾದೀತೆ?