ಕುಮಾರ ಪರ್ವತ: ಎರಡು ದಿನದ ರಜೆ, ಒಂದೂವರೆ ಸಾವಿರ ಮೀಟರಿನ ಏರು

ಕೊಡಗು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಕೂಡುವಲ್ಲಿ, ಪುಷ್ಪಗಿರಿ ವನ್ಯಜೀವಿಧಾಮದೊಳಗೆ ನಿಂತಿರುವ ಕುಮಾರ ಪರ್ವತವು ಸಮುದ್ರಮಟ್ಟದಿಂದ 1,712 ಮೀಟರ್ ಎತ್ತರವಿದ್ದು, ಕೊಡಗಿನ ಶಿಖರಗಳಲ್ಲಿ ತಡಿಯಂಡಮೋಳ್‌ನ ನಂತರದ ಸ್ಥಾನದಲ್ಲಿದೆ. ಎತ್ತರವೊಂದನ್ನೇ ಲೆಕ್ಕಕ್ಕೆ ಹಿಡಿದರೆ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಇದಕ್ಕಿಂತ ದೊಡ್ಡದು; ಆದರೆ ಅಲ್ಲಿ ವಾಹನಗಳು ಶಿಖರದ ಸಮೀಪದವರೆಗೂ ಏರುತ್ತವೆ, ಇಲ್ಲಿ ಕುಕ್ಕೆ ಸುಬ್ರಹ್ಮಣ್ಯದ ದಾರಿ ಹಿಡಿದವರು ಘಟ್ಟದ ಬುಡದ ತಗ್ಗಿನಿಂದಲೇ ಹೊರಟು, ಸುಮಾರು 13 ಕಿ.ಮೀ. ಅಂತರದಲ್ಲಿ ಒಂದೂವರೆ ಸಾವಿರ ಮೀಟರಿಗೂ ಮಿಕ್ಕ ಏರನ್ನು ಕಾಲ್ನಡಿಗೆಯಲ್ಲೇ ಮುಗಿಸಬೇಕು. ರಾಜ್ಯದ ಕಠಿಣ ಚಾರಣಗಳ ಮಾತು ಬಂದಾಗಲೆಲ್ಲ ಈ ಬೆಟ್ಟದ ಹೆಸರು ಕೇಳಿಬರುವುದಕ್ಕೆ ಶಿಖರದ ಎತ್ತರಕ್ಕಿಂತ ಬುಡದ ತಗ್ಗೇ ಹೆಚ್ಚು ಕಾರಣ.

ದಾರಿಯ ಮೊದಲ ಭಾಗ ನಿತ್ಯಹರಿದ್ವರ್ಣ ಕಾಡಿನದು, ಅಂದರೆ ವರ್ಷದ ಯಾವ ಕಾಲದಲ್ಲೂ ಎಲೆಗಳನ್ನು ಪೂರ್ತಿ ಉದುರಿಸಿ ಬೋಳಾಗದ ಮರಗಳದ್ದು. ಬಿಸಿಲು ನೆಲ ಮುಟ್ಟದ ಈ ಕಾಡಿನಲ್ಲಿ ಮರದ ಬೇರುಗಳೇ ಮೆಟ್ಟಿಲುಗಳಾಗಿವೆ. ಮಳೆ ಬಿಟ್ಟ ಹೊಸತರಲ್ಲಿ ತರಗೆಲೆಯ ಅಡಿಯಿಂದ ತಲೆಯೆತ್ತುವ ಇಂಬಳಗಳು ಕಾಲುಚೀಲದ ನೇಯ್ಗೆಯ ನಡುವೆ ನುಸುಳಿ, ಕಚ್ಚಿದ್ದು ತಿಳಿಯುವ ಮೊದಲೇ ರಕ್ತ ಕುಡಿದು ಉದುರಿರುತ್ತವೆ. ಗಾಳಿಯಾಡದ ಸೆಕೆಯಲ್ಲಿ ಬೆವರು ಹರಿಯುವುದರಿಂದ, ಹೊತ್ತ ನೀರಿನ ಬಹುಪಾಲು ಈ ಮೊದಲ ಹಂತದಲ್ಲೇ ಖಾಲಿಯಾಗುವುದುಂಟು.

ಕಾಡು ಮುಗಿದು ಬಯಲು ತೆರೆಯುವ ಗಿರಿಗದ್ದೆಯಲ್ಲಿ, ಚಾರಣಿಗರ ಬಾಯಲ್ಲಿ ‘ಭಟ್ಟರ ಮನೆ’ ಎಂದೇ ಹೆಸರಾದ ಕೃಷಿಕ ಕುಟುಂಬದ ಮನೆಯಿದೆ. ಹತ್ತಿ ಬಂದವರಿಗೆ ಅನ್ನ, ಸಾಂಬಾರು, ಮಜ್ಜಿಗೆ ಬಡಿಸುತ್ತ ಬಂದ ಈ ಮನೆಯಿಲ್ಲದಿದ್ದರೆ ಕುಮಾರ ಪರ್ವತ ಇಷ್ಟು ಜನರ ರಜೆಗೆ ಒದಗುತ್ತಿರಲಿಲ್ಲವೆಂದೇ ಹೇಳಬೇಕು: ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ, ಶನಿವಾರ ಗಿರಿಗದ್ದೆ ಸೇರಿ, ಭಾನುವಾರ ಶಿಖರ ಮುಟ್ಟಿ ಇಳಿದು, ಸೋಮವಾರ ಕಚೇರಿಗೆ ಹಾಜರಾಗುವ ಲೆಕ್ಕಾಚಾರ ಬಹುಕಾಲ ನಡೆದದ್ದು ಈ ನಡುದಾರಿಯ ಊಟದ ಬಲದಿಂದ. ಸಮೀಪದಲ್ಲೇ ಇರುವ ಅರಣ್ಯ ಇಲಾಖೆಯ ತಪಾಸಣಾ ಠಾಣೆ ದಾಟಿದ ಮೇಲೆ ನೆರಳು ಮಾಯವಾಗುತ್ತದೆ. ಕಲ್ಲುಮಂಟಪದವರೆಗಿನ ಹುಲ್ಲುಗಾವಲಿನಲ್ಲಿ ಒಂದು ದಿಬ್ಬ ಹತ್ತಿದರೆ ಇನ್ನೊಂದು ಎದುರಾಗುತ್ತದೆ. ಕಣ್ಣಿಗೆ ತುದಿಯೆಂದು ತೋರುವುದು ಶೇಷಪರ್ವತವೇ ಹೊರತು ಕುಮಾರ ಪರ್ವತವಲ್ಲವೆಂಬುದು ಅದನ್ನು ಏರಿದ ಮೇಲಷ್ಟೇ ತಿಳಿಯುತ್ತದೆ. ಅಲ್ಲಿಂದ ಶೋಲಾ ಕಾಡಿಗೆ, ಅಂದರೆ ಹುಲ್ಲುಬೆಟ್ಟಗಳ ನಡುವಿನ ಮಡಿಕೆಗಳಲ್ಲಿ ತೇವ ಹಿಡಿದು ಬೆಳೆಯುವ ಗಿಡ್ಡಮರಗಳ ಕಾಡಿಗೆ ಇಳಿದು, ಕೈಯೂರಿ ಹತ್ತಬೇಕಾದ ಬಂಡೆಯನ್ನು ದಾಟಿದ ನಂತರವೇ ನಿಜವಾದ ನೆತ್ತಿ ಸಿಗುವುದು. ಸೋಮವಾರಪೇಟೆ ಕಡೆಯ ಬೀದಳ್ಳಿಯ ದಾರಿ ಗಿಡ್ಡದು, ಸುಮಾರು 7 ಕಿ.ಮೀ. ಮಾತ್ರ, ಆದರೂ ಬಂಡೆಗಳ ಕಾಟ ಅಲ್ಲಿಯೂ ತಪ್ಪಿದ್ದಲ್ಲ.

ನೆತ್ತಿಯಲ್ಲಿರುವ ಕಲ್ಲುಗುಪ್ಪೆಗಳು ಈ ಬೆಟ್ಟಕ್ಕೆ ಚಾರಣಿಗರಿಗಿಂತ ಮೊದಲು ಭಕ್ತರು ಬರುತ್ತಿದ್ದುದನ್ನು ನೆನಪಿಸುತ್ತವೆ. ತಾರಕಾಸುರನನ್ನು ಕೊಂದ ಕುಮಾರಸ್ವಾಮಿಯು ತನ್ನ ಆಯುಧವನ್ನು ತೊಳೆದನೆಂದು ಸ್ಥಳಪುರಾಣ ಹೇಳುವ ಕುಮಾರಧಾರಾ ನದಿ ಈ ಬೆಟ್ಟಸಾಲಿನದೇ. ಯಾತ್ರೆಗೆ ವರ್ಷದಲ್ಲಿ ಗೊತ್ತಾದ ಕಾಲವಿತ್ತು, ರಜೆಗೆ ವಾರವಾರವೂ ಸರದಿ ಬರುತ್ತದೆ; ಬೆಟ್ಟದ ಈಗಿನ ಪಾಡೆಲ್ಲ ಈ ವ್ಯತ್ಯಾಸದಿಂದ ಹುಟ್ಟಿದ್ದು. 2012ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿ ಪುಷ್ಪಗಿರಿಯೂ ಒಂದು. ಆ ಮಾನ್ಯತೆಯಿಂದೇನೂ ಜಂಗುಳಿ ತಗ್ಗಲಿಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆ ವಾರಾಂತ್ಯಕ್ಕೆ ಕೂಡಿಕೊಂಡಾಗ ಸಾವಿರಾರು ಮಂದಿ ಒಮ್ಮೆಲೇ ಬಂದಿಳಿದ ಚಿತ್ರಗಳು ಹರಡಿ, ಅದರ ಬೆನ್ನಿಗೇ ಆನ್‌ಲೈನ್ ಮುಂಗಡ ನೋಂದಣಿ ವ್ಯವಸ್ಥೆಯಿಲ್ಲದ ಚಾರಣಪಥಗಳನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. ಬಳಿಕ ನೋಂದಣಿಯ ಜೊತೆಗೆ ದಿನಕ್ಕೆ ಇಷ್ಟೇ ಮಂದಿಯೆಂಬ ಮಿತಿಯೂ ಬಂತು. ಮಳೆಗಾಲದಲ್ಲಿ ಜಾರುವ ಬಂಡೆ, ಬೇಸಿಗೆಯಲ್ಲಿ ಒಣಹುಲ್ಲಿಗೆ ಬೀಳುವ ಕಾಡ್ಗಿಚ್ಚು ಇವುಗಳ ಕಾರಣದಿಂದ ದಾರಿ ವರ್ಷದ ಹಲವು ತಿಂಗಳು ಮುಚ್ಚಿರುವುದರಿಂದ, ಉಳಿದ ಕೆಲವೇ ವಾರಾಂತ್ಯಗಳ ಚೀಟಿಗಳಿಗಾಗಿ ನಗರದವರ ಪೈಪೋಟಿ ಜೋರಾಗಿಯೇ ಇರುತ್ತದೆ. ಮಂಗಳವಾರವೋ ಬುಧವಾರವೋ ರಜೆ ಹಾಕಬಲ್ಲವರಿಗೆ ಅದೇ ಬೆಟ್ಟ ಹೆಚ್ಚು ಅನುಕೂಲ, ಏರು ಮಾತ್ರ ಅಷ್ಟೇ.